ಐಎನ್‌ಎಸ್ ಮೈಸೂರು ಕವರ್ ಆಲ್ಬಮ್: ಮಾಡಿದ್ದು, ಕೆಡಿಸಿದ್ದು, ಬಾಕಿ ಇರುವುದು

ಮೈಸೂರು ಹೆಸರಿನ ಎರಡು ಯುದ್ಧನೌಕೆಗಳ ಅಂಚೆ ಕವರ್‌ಗಳನ್ನು, ಅಂದರೆ ಸ್ಟಾಂಪ್, ಮುದ್ರೆ ಸಮೇತ ಉಳಿದ ಲಕೋಟೆಗಳನ್ನು, ಒಂದೇ ಆಲ್ಬಮ್‌ನಲ್ಲಿ ಜೋಡಿಸುವ ಕೆಲಸ ಇದು. ಮೊದಲನೆಯದು ಕ್ರೂಸರ್, ನಂಬರ್ ಸಿ60. 1957ರಿಂದ 1985ರವರೆಗೆ ನಮ್ಮ ನೌಕಾಪಡೆಯಲ್ಲಿತ್ತು. ಅದಕ್ಕೂ ಮೊದಲು ಅದೇ ಹಡಗು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ. ಎರಡನೆಯದು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಡಿಸ್ಟ್ರಾಯರ್, ನಂಬರ್ ಡಿ60. ಇದು ಸೇವೆಗೆ ಸೇರಿದ್ದು 1999ರ ಜೂನ್ 2ರಂದು. ಹಾಗಾಗಿ ಹಡಗು ಎರಡಾದರೂ ಆಲ್ಬಮ್‌ನಲ್ಲಿ ಭಾಗ ಮೂರು. ಊರು ಮಂಗಳೂರು. ಮಳೆಗಾಲದ ತೇವದ ಜೊತೆ ಜಗಳ ಆಡಿಕೊಂಡೇ ಮಾಡಬೇಕಾದ ಕೆಲಸ. ಇದೇ ಥರದ್ದಕ್ಕೆ ಕೈ ಹಾಕುವವರಿಗೆ ಬೇಕಾಗಬಹುದು ಅಂತ ನೋಟ್‌ಬುಕ್ಕಿನಲ್ಲಿ ಗೀಚಿದ್ದನ್ನು ಕ್ರಮವಾಗಿ ಬರೆದಿದ್ದೇನೆ.

ಸಾಮಾನು ಮತ್ತು ಖರ್ಚು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ₹350. 365 ನ್ಯಾನೋಮೀಟರ್ ಯುವಿ ಟಾರ್ಚ್ ₹650. ಆಸಿಡ್ ಇಲ್ಲದ ಎ4 ಕಾಗದ, 160 ಜಿಎಸ್‌ಎಂ, ನೂರು ಹಾಳೆಗೆ ₹900. ಪಾಲಿಯೆಸ್ಟರ್ ಹಾಳೆ ಮತ್ತು ಫೋಟೋ ಕಾರ್ನರ್ ಸೇರಿ ₹1,100. ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ₹320. ಸಿಲಿಕಾ ಜೆಲ್ ಒಂದು ಕಿಲೋ ₹400. ತಗಡಿನ ಟ್ರಂಕ್ ₹1,400. ಬ್ಲಾಟಿಂಗ್ ಪೇಪರ್, ತುದಿ ಚಪ್ಪಟೆ ಇರುವ ಚಿಮುಟ, 4ಬಿ ಪೆನ್ಸಿಲ್, ಸ್ಕೇಲ್ ಮನೆಯಲ್ಲೇ ಇದ್ದವು. ಸ್ಕ್ಯಾನರ್ ಹಳೆಯದು. ಕವರ್‌ಗಳ ಬೆಲೆ ಬೇರೆ, ಅದನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

1. ಕವರ್ ಹುಡುಕಿದ್ದು

ಯುದ್ಧನೌಕೆಯ ಕವರ್ ಅಂದ ತಕ್ಷಣ ಅಂಚೆ ಮುದ್ರೆಯಲ್ಲೇ ಹಡಗಿನ ಹೆಸರು ಇರುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ನೌಕಾಪಡೆಯಲ್ಲಿ ಅದು ನಿಜ. ಅಲ್ಲಿ 1908ರಿಂದ ಹಡಗಿನೊಳಗೇ ಅಂಚೆ ಕಚೇರಿ ಶುರುವಾಯಿತು, ಮುದ್ರೆಯ ಮೇಲೆ ಹಡಗಿನ ಹೆಸರು ಬಂತು. ಎರಡನೇ ಮಹಾಯುದ್ಧದಲ್ಲಿ ಮಾತ್ರ ಗುಟ್ಟು ಕಾಯಲು ಹೆಸರು ತೆಗೆದು ಬರೀ 'ಯು.ಎಸ್. ನೇವಿ' ಅಂತ ಉಳಿಸಿದ್ದರು. ನಮ್ಮ ಹಡಗುಗಳ ವಿಷಯ ಬೇರೆ. ಇಲ್ಲಿ ನನ್ನ ಕೈಗೆ ಬಂದ ಕವರ್‌ಗಳಲ್ಲಿ ಮುದ್ರೆ ಒಂದೋ ಬಂದರಿನ ಊರಿನದು, ಇಲ್ಲಾ ಬರೀ ನಂಬರ್ ಇರುವ ಎಫ್‌ಪಿಒದ್ದು (ಫೀಲ್ಡ್ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ). ಹಡಗಿನ ಹೆಸರು ಇರುವುದು ಹಡಗಿನವರೇ ಒತ್ತಿದ ರಬ್ಬರ್ ಸೀಲಿನಲ್ಲಿ, ಕಳಿಸಿದವರ ವಿಳಾಸದಲ್ಲಿ, ಅಥವಾ ಕವರ್‌ನ ಎಡಗಡೆ ಅಚ್ಚಾದ ಚಿತ್ರದಲ್ಲಿ.

ಈ ವ್ಯತ್ಯಾಸ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಅಂಚೆ ಮುದ್ರೆ ಅಂದರೆ ಅಂಚೆಯವರದ್ದು, ಅದು ಸ್ಟಾಂಪ್ ರದ್ದು ಮಾಡುತ್ತದೆ. ಸೀಲು ಹಡಗಿನದ್ದು, ಅದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಒತ್ತಬಹುದು. ಮಾರುವವರು ಎರಡನ್ನೂ 'ನೇವಲ್ ಕ್ಯಾನ್ಸಲೇಷನ್' ಅಂತಲೇ ಕರೆದು ರೇಟು ಹೇಳುತ್ತಾರೆ.

ಡಿ60 ಕಾಲದ ಕವರ್ ಸುಲಭ. ಆರ್ಮಿ ಪೋಸ್ಟಲ್ ಸರ್ವೀಸ್‌ನ ವಿಶೇಷ ಕವರ್‌ಗಳು, ನೌಕಾಪಡೆಯ ಸಮಾರಂಭದ ಕವರ್‌ಗಳು ₹60ರಿಂದ ₹200ಕ್ಕೆ ಸಿಕ್ಕವು. ಕ್ರೂಸರ್ ಕಾಲದವು ₹250ರಿಂದ ಶುರುವಾಗಿ ₹900ರವರೆಗೆ ಹೋದವು.

ನೈಜೀರಿಯಾ ಭಾಗಕ್ಕೆ ನನ್ನ ಲೆಕ್ಕಾಚಾರವೇ ಉಲ್ಟಾ ಆಯಿತು. ಹಡಗಿನಿಂದ ಹೊರಟ ಪತ್ರ ಹುಡುಕುತ್ತಾ ಕೂತಿದ್ದೆ. ಯುದ್ಧಕಾಲದಲ್ಲಿ ಬ್ರಿಟಿಷ್ ಹಡಗಿನಿಂದ ಹೊರಟ ಪತ್ರದ ಮೇಲೆ ಹಡಗಿನ ಹೆಸರು ಹಾಕುವಂತಿರಲಿಲ್ಲ. ಅದರ ಮೇಲೆ 'ಪೋಸ್ಟ್ ಆಫೀಸ್ ಮಾರಿಟೈಮ್ ಮೇಲ್' ಅಥವಾ 'ರಿಸೀವ್ಡ್ ಫ್ರಂ ಎಚ್.ಎಂ. ಶಿಪ್ಸ್' ಅನ್ನುವ ಮುದ್ರೆ, ಪಕ್ಕದಲ್ಲಿ ಸೆನ್ಸಾರ್ ಗುರುತು, ಅಷ್ಟೇ. ಯಾವ ಹಡಗು ಅಂತ ಹೇಳುವುದು ಹೇಗೆ? ಹಡಗಿಗೆ ಬಂದ ಪತ್ರದಲ್ಲಿ ಮಾತ್ರ ಹೆಸರು ಇರಲೇಬೇಕು, ಇಲ್ಲದಿದ್ದರೆ ತಲುಪುವುದಿಲ್ಲ. 'ಎಚ್‌ಎಂಎಸ್ ನೈಜೀರಿಯಾ, ಕೇರ್ ಆಫ್ ಜಿಪಿಒ ಲಂಡನ್' ಅಂತ ಮನೆಯವರು ಬರೆದ ವಿಳಾಸ. ಹಾಗಾಗಿ ಹುಡುಕುವ ಪದವನ್ನೇ ಬದಲಾಯಿಸಿ, ನಾವಿಕನಿಗೆ ಬಂದ ಪತ್ರಗಳನ್ನು ಹುಡುಕಿದೆ. ಆಮೇಲೆ ಕೆಲಸ ಆಯಿತು. ಇಂಗ್ಲೆಂಡಿನಿಂದ ತಲಾ 5ರಿಂದ 8 ಪೌಂಡ್‌ಗೆ ಸಿಕ್ಕವು. ಅಂಚೆ ಖರ್ಚು ಕವರ್ ಬೆಲೆಗಿಂತ ಜಾಸ್ತಿ. ಒಂದೊಂದೇ ತರಿಸಬೇಡಿ. ಒಬ್ಬರೇ ಮಾರಾಟಗಾರರ ಹತ್ತಿರ ಒಟ್ಟು ಮಾಡಿಸಿ ತರಿಸಿ.

2. ದಿನಾಂಕದ ಪರೀಕ್ಷೆ

ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟ ಹಂತ ಇದು. ದುಡ್ಡು ಉಳಿಸಿದ್ದೂ ಇದೇ, ಆದರೆ ಸ್ವಲ್ಪ ತಡವಾಗಿ.

1971ರ ಯುದ್ಧದಲ್ಲಿ ಐಎನ್‌ಎಸ್ ಮೈಸೂರು ಪಶ್ಚಿಮ ನೌಕಾದಳದ ಮುಖ್ಯ ಹಡಗು. ಹಾಗಾಗಿ ಆ ಡಿಸೆಂಬರ್‌ನ ಕವರ್ ಅಂದರೆ ರೇಟು ಏರುತ್ತದೆ. ನಾನು ₹850 ಕೊಟ್ಟು ಒಂದು ತೆಗೆದುಕೊಂಡೆ. ನೇರಳೆ ಸೀಲು, ಹಡಗಿನ ಹೆಸರು, ಡಿಸೆಂಬರ್ 1971ರ ತಾರೀಕು, ಕೆಳಗೆ ನೌಕಾಪಡೆಯ ಹಡಗುಗಳ ಅಂಚೆ ನೋಡಿಕೊಳ್ಳುವ ಫ್ಲೀಟ್ ಮೇಲ್ ಆಫೀಸಿನ ವಿಳಾಸ. ಚೆನ್ನಾಗಿತ್ತು. ಮನೆಗೆ ತಂದು ಲೂಪ್ ಹಿಡಿದಾಗ ಕಣ್ಣಿಗೆ ಬಿದ್ದದ್ದು ವಿಳಾಸದ ಕೊನೆಯ ಸಾಲು: ಬಾಂಬೆ 400001.

ಪಿನ್ ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ಕ್ಕೆ. ಅದಕ್ಕಿಂತ ಮುಂಚೆ 'ಬಾಂಬೆ-1' ಅಂತ ಇರಬೇಕಿತ್ತು. ಡಿಸೆಂಬರ್ 1971ರ ಸೀಲಿನಲ್ಲಿ ಆರು ಅಂಕಿಯ ಪಿನ್ ಬರಲು ಸಾಧ್ಯವೇ ಇಲ್ಲ. ಯಾರೋ ಆಮೇಲೆ ಕೂತು ಒತ್ತಿದ್ದು. ₹850 ಹೋಯಿತು. ಹಣ ವಾಪಸ್ ಕೇಳುವ ಹೊತ್ತಿಗೆ ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದ್ದರು.

ಅದಾದ ಮೇಲೆ ಒಂದು ಪಟ್ಟಿ ಮಾಡಿ ಲೂಪ್ ಜೊತೆಗೇ ಇಟ್ಟಿದ್ದೇನೆ. ದುಡ್ಡು ಕೊಡುವ ಮುಂಚೆ ಇದನ್ನು ನೋಡುತ್ತೇನೆ:

1950ರ ಜನವರಿ 26ಕ್ಕೆ ಮುಂಚೆ 'ಐಎನ್‌ಎಸ್' ಇಲ್ಲ, 'ಎಚ್‌ಎಂಐಎಸ್' (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಇತ್ತು. ನೈಜೀರಿಯಾಕ್ಕೆ ಇದು ಸಂಬಂಧ ಇಲ್ಲ, ಆದರೆ ಬೇರೆ ಹಡಗಿನ ಕವರ್ ಕೊಳ್ಳುವವರಿಗೆ ಬೇಕು.

1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು, ಜೊತೆಗೆ ಭಾರತದ ನಕಾಶೆ ಇರುವ ಸ್ಟಾಂಪ್‌ಗಳು. ಮೈಸೂರು ಸೇವೆಗೆ ಸೇರಿದ್ದು ಅದೇ ವರ್ಷ ಆಗಸ್ಟ್ 29ಕ್ಕೆ. ಹಡಗಿನ ಮೊದಲ ವರ್ಷಗಳ ಕವರ್‌ನಲ್ಲಿ ನಾನು ಹುಡುಕುವುದು ಈ ನಕಾಶೆಯ ಸ್ಟಾಂಪ್. 1964ರಲ್ಲಿ 'ನಯಾ' ಹೋಗಿ ಬರೀ ಪೈಸೆ ಉಳಿಯಿತು.

ಸೇವೆಗೆ ಸೇರಿದ ಆ ದಿನ ಹಡಗು ಇದ್ದದ್ದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಹಾಗಾಗಿ 29 ಆಗಸ್ಟ್ 1957ರ ಬಾಂಬೆ ಮುದ್ರೆ ಇರುವ ಕವರ್ ಹಡಗಿನಲ್ಲಿ ಪೋಸ್ಟ್ ಆದದ್ದಲ್ಲ. ಇಲ್ಲಿ ಯಾರೋ ಅಭಿಮಾನದಿಂದ ಮಾಡಿಸಿದ್ದು ಇರಬಹುದು. ತಪ್ಪೇನಿಲ್ಲ, ರೇಟು ಮಾತ್ರ ಬೇರೆ ಆಗಬೇಕು.

1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ, ಸ್ಟಾಂಪ್ ಹಚ್ಚಿ ಕಳಿಸುವ ಸಾಮಾನ್ಯ ಪತ್ರಕ್ಕೆ ಐದು ಪೈಸೆಯ ನಿರಾಶ್ರಿತರ ಪರಿಹಾರ ಸ್ಟಾಂಪ್ ಜಾಸ್ತಿ ಹಚ್ಚಬೇಕಿತ್ತು. ಹಳೆಯ ಕುಟುಂಬ ಯೋಜನೆ ಸ್ಟಾಂಪ್ ಮೇಲೇ 'ರೆಫ್ಯೂಜಿ ರಿಲೀಫ್' ಅಂತ ಅಚ್ಚು ಹಾಕಿದ್ದು ಮೊದಲು ಬಂತು. ಯುದ್ಧದ ತಿಂಗಳ ಕವರ್‌ನಲ್ಲಿ ಅದು ಇಲ್ಲದಿದ್ದರೆ ಯಾಕೆ ಇಲ್ಲ ಅಂತ ಕೇಳಿ. ನನ್ನ ನಕಲಿ ಕವರ್‌ನಲ್ಲಿ ಅದೂ ಇರಲಿಲ್ಲ. ಕಣ್ಣು ಸೀಲಿನ ಮೇಲೇ ನೆಟ್ಟಿದ್ದರಿಂದ ಸ್ಟಾಂಪ್ ಕಡೆ ನೋಡಿರಲಿಲ್ಲ.

ಇಂಗ್ಲಿಷ್‌ನಲ್ಲಿ 'ಮುಂಬೈ' ಅಂತ ಇದ್ದರೆ 1995ರ ನಂತರದ್ದು. ಅಂದರೆ ಆ ವಿಳಾಸ ಕ್ರೂಸರ್ ಕಾಲದ್ದಲ್ಲ.

ಗಂಡಭೇರುಂಡ ನೋಡಿ ಮೋಸ ಹೋಗಬೇಡಿ. ಮೈಸೂರು ಅರಸರ ಲಾಂಛನವೇ ಹಡಗಿನ ಚಿಹ್ನೆಯಾಗಿ ಬಂದಿದೆ. ಲಾಂಛನ ಒಂದನ್ನೇ ನೋಡಿ ಕ್ರೂಸರ್ ಅಂತ ತೀರ್ಮಾನ ಮಾಡಬಾರದು. ಚಿತ್ರದಲ್ಲಿ ಹಡಗಿನ ಪಕ್ಕೆಯ ನಂಬರ್, ಫಿರಂಗಿಗಳ ಆಕಾರ ನೋಡಿ.

ಯುದ್ಧಕಾಲದ ಬ್ರಿಟಿಷ್ ಕವರ್‌ಗೆ ಯುವಿ ಟಾರ್ಚ್ ಪರೀಕ್ಷೆ. ಬಿಳುಪು ಹೆಚ್ಚಿಸುವ ರಾಸಾಯನಿಕ ಕಾಗದದಲ್ಲಿ ಜಾಸ್ತಿ ಬಳಕೆಗೆ ಬಂದದ್ದು 1950ರ ದಶಕದ ಆಸುಪಾಸಿನಲ್ಲಿ. 1942ರ ಕವರ್ ಕತ್ತಲೆಯಲ್ಲಿ ನೀಲಿ ಬಿಳುಪಾಗಿ ಫಳಫಳ ಹೊಳೆದರೆ ಅನುಮಾನ ಪಡಿ. ನನ್ನವು ಮಂಕಾಗಿಯೇ ಉಳಿದವು.

3. ಮಸುಕು ಮುದ್ರೆ ಓದಿದ್ದು

ಕೆಂಪು ಸ್ಟಾಂಪ್ ಮೇಲೆ ಕಪ್ಪು ಮುದ್ರೆ ಅರ್ಧಂಬರ್ಧ ಬಿದ್ದರೆ ತಾರೀಕು ಕಾಣುವುದಿಲ್ಲ. ಮೊದಲು ಫೋನಿನಲ್ಲಿ ಫೋಟೋ ತೆಗೆದು ಕಾಂಟ್ರಾಸ್ಟ್ ಏರಿಸಿ ನೋಡಿದೆ. ಸ್ಟಾಂಪೂ ಕಪ್ಪಾಯಿತು, ಮುದ್ರೆಯೂ ಕಪ್ಪಾಯಿತು. ಪ್ರಯೋಜನ ಆಗಲಿಲ್ಲ.

ಸರಿಹೋದ ಕ್ರಮ: 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್. ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಪದರಗಳಾಗಿ ಬಿಡಿಸಬೇಕು. ಕೆಂಪು ಪದರ ಮಾತ್ರ ನೋಡಿದರೆ ಕೆಂಪು ಸ್ಟಾಂಪ್ ಬೆಳ್ಳಗಾಗುತ್ತದೆ, ಕಪ್ಪು ಮುದ್ರೆ ಹಾಗೇ ಉಳಿಯುತ್ತದೆ. ನೇರಳೆ ಸೀಲು ಮಸುಕಾಗಿದ್ದರೆ ಹಸಿರು ಪದರ ನೋಡಿ, ಅಲ್ಲಿ ಅದು ಗಾಢವಾಗಿ ಕಾಣುತ್ತದೆ. ಒಂದು ಕವರ್‌ನಲ್ಲಿ 'ಜನವರಿ' ಅಂದುಕೊಂಡದ್ದು 'ಜೂನ್' ಅಂತ ಗೊತ್ತಾದದ್ದು ಹೀಗೆ. ಪುಟದ ಜಾಗವೇ ಬದಲಾಯಿತು.

ಶಾಯಿ ಪೂರ್ತಿ ಹಾರಿಹೋಗಿದ್ದರೆ ರೂಮಿನ ಲೈಟ್ ಆರಿಸಿ, ಮಾಮೂಲಿ ಟಾರ್ಚನ್ನು ಕವರ್‌ಗೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ. ಲೋಹದ ಮುದ್ರೆ ಜೋರಾಗಿ ಬಿದ್ದಿದ್ದರೆ ಕಾಗದದಲ್ಲಿ ತಗ್ಗು ಕಾಣುತ್ತದೆ. ರಬ್ಬರ್ ಸೀಲಿಗೆ ಇದು ನಡೆಯುವುದಿಲ್ಲ.

4. ಶುಚಿ ಮಾಡಲು ಹೋಗಿ ಕೆಟ್ಟದ್ದು

ಒಂದು ಕ್ರೂಸರ್ ಕವರ್ ನಡುವೆ ಮಡಚಿ ಗೆರೆ ಬಿದ್ದಿತ್ತು. ಬ್ಲಾಟಿಂಗ್ ಪೇಪರನ್ನು ಸ್ವಲ್ಪ ಒದ್ದೆ ಮಾಡಿ, ಅದರ ನಡುವೆ ಕವರ್ ಇಟ್ಟು, ಮೇಲೆ ಭಾರದ ಪುಸ್ತಕ ಹೇರಿದೆ. ಬೆಳಗ್ಗೆ ತೆಗೆದರೆ ಗೆರೆ ಹೋಗಿತ್ತು. ಹಡಗಿನ ನೇರಳೆ ಸೀಲು ಸುತ್ತಲೂ 3 ಮಿಲಿಮೀಟರ್ ಹರಡಿಕೊಂಡಿತ್ತು. ಅಕ್ಷರಗಳ ನಡುವಿನ ಜಾಗ ತುಂಬಿ, ಹೆಸರು ಓದುವುದೇ ಕಷ್ಟ. ಅಂಚೆಯ ಕಪ್ಪು ಮುದ್ರೆಗೆ ಏನೂ ಆಗಿರಲಿಲ್ಲ. ಅದರ ಶಾಯಿಯಲ್ಲಿ ಎಣ್ಣೆ ಇರುತ್ತದೆ. ಸೀಲಿನ ಪ್ಯಾಡ್ ಶಾಯಿ ನೀರಿನಲ್ಲಿ ಕರಗುವ ಬಣ್ಣ. ಬಿಡಿ ಸ್ಟಾಂಪ್ ಸಂಗ್ರಹಿಸುವವರು ನೀರಲ್ಲಿ ನೆನೆಸುತ್ತಾರಲ್ಲ, ಆ ಅಭ್ಯಾಸ ಇಲ್ಲಿ ತರಲೇಬಾರದು. ಕವರ್‌ಗೆ ನೀರು ಬೇಡ, ಹಬೆ ಬೇಡ, ಒದ್ದೆ ಬಟ್ಟೆಯೂ ಬೇಡ.

ಈಗ ಮಡಿಕೆ ಇದ್ದರೆ ಒಣ ಬ್ಲಾಟಿಂಗ್ ನಡುವೆ ಭಾರ ಹೇರಿ ವಾರಗಟ್ಟಲೆ ಬಿಡುತ್ತೇನೆ. ಗೆರೆ ಪೂರ್ತಿ ಹೋಗದಿದ್ದರೆ ಇರಲಿ.

ತುಕ್ಕು ಹಿಡಿದ ಸ್ಟೇಪಲ್ ಪಿನ್: ಎಳೆಯಬಾರದು, ಕಾಗದ ಹರಿಯುತ್ತದೆ. ಕವರ್ ಬೋರಲು ಹಾಕಿ, ಪಿನ್ನಿನ ಎರಡು ಕಾಲುಗಳನ್ನು ಚಿಮುಟದಿಂದ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ಎತ್ತಬೇಕು. ತುಕ್ಕಿನ ಕಲೆ ಉಳಿಯುತ್ತದೆ. ಅದನ್ನು ಉಜ್ಜಲು ಹೋಗಬೇಡಿ.

ಸೆಲೋಟೇಪ್: ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, 15 ಸೆಂಟಿಮೀಟರ್ ದೂರದಿಂದ ಹಿಡಿದರೆ ಮೇಲಿನ ಪ್ಲಾಸ್ಟಿಕ್ ನಿಧಾನ ಬಿಡುತ್ತದೆ. ಕೆಳಗಿನ ಹಳದಿ ಅಂಟು ಕಾಗದದೊಳಗೆ ಇಳಿದಿರುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರಾವಣದಿಂದ ಒರೆಸಿ ಅಂತ ಒಬ್ಬರು ಹೇಳಿದರು. ಬೇಡದ ಒಂದು ಹಳೇ ಕವರ್ ಮೇಲೆ ಹಚ್ಚಿ ನೋಡಿದೆ. ಬಾಲ್‌ಪೆನ್ ವಿಳಾಸ ಅರ್ಧ ಅಳಿಸಿತು. ಒಳ್ಳೆ ಕವರ್ ಹತ್ತಿರ ಆ ಬಾಟಲಿ ಒಯ್ಯಲೇ ಇಲ್ಲ.

5. ಪುಟ ಕಟ್ಟಿದ್ದು

ಶುರುವಿನಲ್ಲಿ ಮದುವೆ ಫೋಟೋ ಹಾಕುವ ಥರದ ಮೆತ್ತನೆ ಪ್ಲಾಸ್ಟಿಕ್ ಜೇಬಿನ ಆಲ್ಬಮ್ ತಂದಿದ್ದೆ, ₹280. ಒಂದು ಮಳೆಗಾಲ ಕಳೆದ ಮೇಲೆ ಒಳಗೆ ಅಂಟಂಟು. ಸೀಲಿನ ಬಣ್ಣ ಪ್ಲಾಸ್ಟಿಕ್‌ಗೆ ಹತ್ತಿಕೊಂಡಿತ್ತು. ಅದು ಪಿವಿಸಿ. ಮೂಸಿ ನೋಡಿದರೆ ಹೊಸ ಮಳೆ ಕೋಟಿನ ವಾಸನೆ ಬರುತ್ತದೆ, ಅದೇ ಗುರುತು. ಪಾಲಿಯೆಸ್ಟರ್ ಹಾಳೆಗೆ ವಾಸನೆ ಇಲ್ಲ, ಮಡಚಿದರೆ ಗರಗರ ಸದ್ದು.

ಈಗಿನ ಪುಟದ ಅಳತೆ: ಎ4 ಅಡ್ಡಲಾಗಿ, 297 ಗುಣಿಸು 210 ಮಿ.ಮೀ. ಎಡಗಡೆ ಫೈಲಿಗೆ 25 ಮಿ.ಮೀ., ಉಳಿದ ಮೂರು ಕಡೆ ಅದಕ್ಕಿಂತ ಕಡಿಮೆ. ಹಳೆಯ ಸಣ್ಣ ಲಕೋಟೆ ಸುಮಾರು 150 ಗುಣಿಸು 90, ಅದು ಪುಟಕ್ಕೆ ಎರಡು ಹಿಡಿಯುತ್ತದೆ. ಈಗಿನ ಉದ್ದ ಲಕೋಟೆ 220 ಗುಣಿಸು 110, ಪುಟಕ್ಕೆ ಒಂದೇ. ಪಾಲಿಯೆಸ್ಟರ್ ತುಂಡನ್ನು ಕವರ್‌ಗಿಂತ ಎಲ್ಲಾ ಕಡೆ 3 ಮಿ.ಮೀ. ದೊಡ್ಡದಾಗಿ ಕತ್ತರಿಸಿ, ಕವರ್ ಅದರೊಳಗೆ. ಫೋಟೋ ಕಾರ್ನರ್ ಅಂಟು ಪುಟಕ್ಕೆ ತಾಗಬೇಕು, ಕವರ್‌ಗೆ ತಾಗಬಾರದು. ಹಿಂಬದಿಯಲ್ಲೂ ಮುದ್ರೆ ಇದ್ದರೆ ಅದರ ಸ್ಕ್ಯಾನನ್ನು ಅರ್ಧ ಸೈಜಿಗೆ ಇಳಿಸಿ ಪಕ್ಕದಲ್ಲಿ ಅಂಟಿಸಿದ್ದೇನೆ.

ಬರಹ ಪೆನ್ಸಿಲ್‌ನಲ್ಲಿ, ಕವರ್ ತೆಗೆದು ಪಕ್ಕಕ್ಕಿಟ್ಟ ಮೇಲೆ. ನಾಲ್ಕು ಸಾಲಿಗಿಂತ ಜಾಸ್ತಿ ಬೇಡ: ಎಲ್ಲಿಂದ ಎಲ್ಲಿಗೆ, ತಾರೀಕು, ಯಾವ ಮುದ್ರೆ, ಯಾವ ಸೀಲು. ಹಡಗಿನ ಕಥೆಗೆ ಭಾಗದ ಮೊದಲ ಪುಟ ಮಾತ್ರ. ನೈಜೀರಿಯಾ ಪುಟದಲ್ಲಿ 1942ರ ಆಗಸ್ಟ್‌ನಲ್ಲಿ ಮಾಲ್ಟಾ ಕಡೆ ಹೊರಟ ಹಡಗು ಸಾಲಿನ ಜೊತೆ ಇದ್ದಾಗ ಇಟಲಿಯ ಜಲಾಂತರ್ಗಾಮಿ ಅಕ್ಸುಂ ಟಾರ್ಪಿಡೋ ಹೊಡೆದದ್ದು, ಅಮೆರಿಕದಲ್ಲಿ ರಿಪೇರಿ ಆದದ್ದು, ಆಮೇಲೆ ಹಿಂದೂ ಮಹಾಸಾಗರಕ್ಕೆ ಬಂದದ್ದು. ಡಿ60 ಪುಟದಲ್ಲಿ 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದದ್ದು, 2011ರಲ್ಲಿ ಲಿಬಿಯಾದಿಂದ ನಮ್ಮವರನ್ನು ಕರೆತರುವ ಕೆಲಸಕ್ಕೆ ಹೋದದ್ದು. ಇದಕ್ಕೆ ತಕ್ಕ ಕವರ್ ನನ್ನಲ್ಲಿಲ್ಲ, ಆದರೂ ಬರೆದಿದ್ದೇನೆ. ಪ್ರದರ್ಶನಕ್ಕೆ ಇಡುವವರು ಹೀಗೆ ಮಾಡಬೇಡಿ. ಕವರ್ ಇಲ್ಲದ ಕಥೆಗೆ ಅಂಕ ಕಳೆಯುತ್ತಾರೆ ಅಂತ ಹಿರಿಯ ಸಂಗ್ರಾಹಕರೊಬ್ಬರು ಎಚ್ಚರಿಸಿದರು. ನನ್ನದು ಮನೆಯ ಆಲ್ಬಮ್, ಇರಲಿ.

ಆ ನಕಲಿ 1971 ಕವರ್‌ಗೂ ಒಂದು ಪುಟ ಕೊಟ್ಟಿದ್ದೇನೆ. ಪಿನ್ ಕೋಡ್ ಕಡೆಗೆ ಪೆನ್ಸಿಲ್ ಬಾಣ ಹಾಕಿದೆ. ನೋಡಲು ಬಂದವರು ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ.

6. ಮಳೆಗಾಲದ ಪೆಟ್ಟಿಗೆ

ಜೂನ್‌ನಲ್ಲಿ ಕಪಾಟಿನೊಳಗೆ ಮೀಟರ್ ಇಟ್ಟಾಗ 84% ತೋರಿಸಿತು. ಕಂದು ಚುಕ್ಕೆ ಬರಲು ಇಷ್ಟು ಧಾರಾಳ ಸಾಕು. ತಗಡಿನ ಟ್ರಂಕಿನ ಮುಚ್ಚಳದ ಅಂಚಿಗೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಹಾಕಿದೆ. ತಳದಲ್ಲಿ ಸಿಲಿಕಾ ಜೆಲ್ 500 ಗ್ರಾಂ, ಬಟ್ಟೆ ಚೀಲದಲ್ಲಿ. ಆಲ್ಬಮ್ ಅದರ ಮೇಲೆ ನೇರ ಕೂರದಂತೆ ಮರದ ಪಟ್ಟಿ. ಎರಡು ದಿನದಲ್ಲಿ 52%ಕ್ಕೆ ಇಳಿಯಿತು. 45ರಿಂದ 55ರೊಳಗೆ ನಿಂತರೆ ನನಗೆ ಸಾಕು. ಇನ್ನೂ ಕೆಳಗೆ ಹೋದರೆ ಹಳೇ ಸ್ಟಾಂಪಿನ ಗೋಂದು ಸುರುಳಿ ಸುತ್ತುತ್ತದೆ.

ಜೆಲ್ ಬಣ್ಣ ಬದಲಾದಾಗ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ. ಜುಲೈನಲ್ಲಿ ಇದು ವಾರಕ್ಕೊಮ್ಮೆ ಬೇಕಾಯಿತು. ಅರ್ಧ ಕಿಲೋ ಪೆಟ್ಟಿಗೆಯಲ್ಲಿ, ಅರ್ಧ ಕಿಲೋ ಓವನ್ ಸರದಿಯಲ್ಲಿ. ನುಸಿಗುಳಿಗೆ ಹಾಕಬೇಡಿ. ಅದರ ಆವಿ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ, ನಮಗೂ ಅಲ್ಲ.

7. ಹೊಸ ಕವರ್ ಕಳಿಸಿದ್ದು

ಕೊಂಡದ್ದಷ್ಟೇ ಸಾಕೇ ಅಂತ ಒಂದನ್ನು ನಾನೇ ಮಾಡಿದೆ. 220 ಗುಣಿಸು 110ರ ಲಕೋಟೆ, 100 ಜಿಎಸ್‌ಎಂ. ಬಲ ಮೇಲ್ಮೂಲೆಯಲ್ಲಿ ₹5 ಸ್ಟಾಂಪ್, ನನ್ನ ವಿಳಾಸ ಬಲಗಡೆಗೆ ಒತ್ತಿ, ಎಡಭಾಗ 80 ಮಿ.ಮೀ. ಪೂರ್ತಿ ಖಾಲಿ. ಸೀಲು ಅಲ್ಲಿ ಬೀಳಲಿ ಅಂತ. ಒಳಗೆ 300 ಜಿಎಸ್‌ಎಂ ಕಾರ್ಡ್ ತುಂಡು, ಇಲ್ಲದಿದ್ದರೆ ಮುದ್ರೆ ಒತ್ತುವಾಗ ಒಳಗಿನ ಮಡಿಕೆ ಮೇಲೆ ಎದ್ದು ಅಕ್ಷರ ತುಂಡಾಗುತ್ತದೆ. ತೂಕ 13 ಗ್ರಾಂ, 20ರೊಳಗೆ ಇದೆ.

ಅದನ್ನು ದೊಡ್ಡ ಲಕೋಟೆಯಲ್ಲಿ ಹಾಕಿ, ವಿನಂತಿ ಪತ್ರ ಸೇರಿಸಿ, ಹಡಗಿನ ಹೆಸರು, ಕೇರ್ ಆಫ್ ಫ್ಲೀಟ್ ಮೇಲ್ ಆಫೀಸ್, ಮುಂಬೈ 400001 ಅಂತ ವಿಳಾಸ ಬರೆದೆ. ಹೊರಗಿನದರ ತೂಕ 20 ಗ್ರಾಂ ದಾಟಿದ್ದರಿಂದ ₹10. ಪತ್ರದಲ್ಲಿ ಕೇಳಿದ್ದು ಇಷ್ಟೇ: ನಿಯಮ ಒಪ್ಪಿದರೆ, ಬಿಡುವಿದ್ದರೆ, ಜೂನ್ 2ರ ತಾರೀಕಿನಲ್ಲಿ ಸೀಲು ಒತ್ತಿ ಅಂಚೆಗೆ ಹಾಕಿ. ಹಡಗು ಎಲ್ಲಿದೆ, ಎಲ್ಲಿಗೆ ಹೊರಟಿದೆ ಅಂತ ಒಂದಕ್ಷರ ಕೇಳಿಲ್ಲ. ಯಾರಾದರೂ ಉತ್ತರದಲ್ಲಿ ಹಾಗೇನಾದರೂ ಬರೆದು ಕಳಿಸಿದರೂ ಅದನ್ನು ಯಾರಿಗೂ ತೋರಿಸಬಾರದು. ಕವರ್ ಇನ್ನೂ ವಾಪಸ್ ಬಂದಿಲ್ಲ. ಕಡಲಿನಲ್ಲಿ ಕೆಲಸ ಮಾಡುವವರಿಗೆ ನನ್ನ ಆಲ್ಬಮ್ ತುರ್ತಲ್ಲ.

ಬಾಕಿ

ದೊಡ್ಡ ಕೊರತೆ 1957ರ ಆಗಸ್ಟ್‌ನದು: ಬರ್ಕನ್‌ಹೆಡ್ ಮುದ್ರೆ, ಬ್ರಿಟಿಷ್ ಸ್ಟಾಂಪ್, ಹಡಗಿನ ಹೆಸರು, ಮೂರೂ ಒಂದೇ ಕವರ್ ಮೇಲೆ. ಬರ್ಕನ್‌ಹೆಡ್ ಮುದ್ರೆ ಇರುವ ಬರೀ ಲಕೋಟೆ ಬೇಕಾದಷ್ಟಿವೆ, ಅದರ ಮೇಲೆ ಆಮೇಲೆ ಸೀಲು ಒತ್ತಿ ಮಾರುವುದು ಸುಲಭ. ಹಾಗಾಗಿ ಸೀಲು ಮುದ್ರೆಯ ಕೆಳಗೆ ಇದೆಯೋ ಮೇಲೆ ಇದೆಯೋ ಅಂತ ತೋರಿಸುವ ದೊಡ್ಡ ಸ್ಕ್ಯಾನ್ ಕಳಿಸದವರ ಹತ್ತಿರ ಮಾತಾಡುವುದಿಲ್ಲ. ಮಿತಿ ₹2,000. ಸ್ಕ್ಯಾನ್‌ನಲ್ಲಿ ಅನುಮಾನ ಬಂದರೆ ₹200ಕ್ಕೂ ಬೇಡ.